ಪ್ರಯಾಣದ ಪೆಟ್ಟಿಗೆ: ಹೊರಚಿಪ್ಪಿಗಿಂತ ಚಕ್ರ, ಜಿಪ್ ಮುಖ್ಯ

ಎರಡು ವರ್ಷಕ್ಕೊಮ್ಮೆ ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬರುವವರಿಗೆ, ತಿಂಗಳಿಗೆ ನಾಲ್ಕು ಬಾರಿ ಮಂಗಳೂರು-ಬೆಂಗಳೂರು ನಡುವೆ ಓಡಾಡುವ ಮಾರಾಟ ಪ್ರತಿನಿಧಿಗಳಿಗೆ, ಆರು ತಿಂಗಳ ಕೆಲಸಕ್ಕೆಂದು ಪರದೇಶಕ್ಕೆ ತೆರಳುವ ತಂತ್ರಜ್ಞರಿಗೆ ಸೂಟ್‌ಕೇಸ್ ಎಂಬುದು ಅಲಂಕಾರದ ವಸ್ತುವಲ್ಲ. ನಡುದಾರಿಯಲ್ಲಿ ಅದರ ಜಿಪ್ ಬಾಯ್ಬಿಟ್ಟರೆ ಅಥವಾ ಚಕ್ರ ಕಳಚಿದರೆ ಆಗುವ ನಷ್ಟ ಪೆಟ್ಟಿಗೆಯ ಬೆಲೆಗಷ್ಟೇ ಸೀಮಿತವಾಗುವುದಿಲ್ಲ. ಒಳಗಿರುವ ಸಾಮಾನು, ಮುಂದಿನ ಬಸ್ಸು ಅಥವಾ ವಿಮಾನ, ಕೆಲವೊಮ್ಮೆ ವರ್ಷಗಟ್ಟಲೆ ಕೂಡಿಟ್ಟು ತಂದ ಉಡುಗೊರೆಗಳೂ ಪಣಕ್ಕೆ ಬೀಳುತ್ತವೆ.

ಆದರೂ ಅಂಗಡಿಯಲ್ಲಿ ಹೆಚ್ಚಿನವರು ಗಮನಿಸುವುದು ಬಣ್ಣ, ಹೊಳಪು ಮತ್ತು ರಿಯಾಯಿತಿ ದರವನ್ನು ಮಾತ್ರ. ವಾಸ್ತವದಲ್ಲಿ ಪೆಟ್ಟಿಗೆಯ ಗೋಡೆ ಒಡೆಯುವುದಕ್ಕೆ ಮುನ್ನ ಸಾಮಾನ್ಯವಾಗಿ ಸೋಲುವುದು ಅದರ ಚಲಿಸುವ ಭಾಗಗಳು: ಚಕ್ರ, ಜಿಪ್ ಮತ್ತು ಎಳೆಯುವ ಹಿಡಿಕೆ. ಪದೇ ಪದೇ ಪ್ರಯಾಣ ಮಾಡುವವರು ಈ ಮೂರನ್ನು ಮೊದಲು ಪರೀಕ್ಷಿಸುವುದು ಕ್ಷೇಮ.

ಚಕ್ರ ಬಂದದ್ದು ತಡವಾಗಿ

ಸೂಟ್‌ಕೇಸ್‌ಗೆ ಚಕ್ರ ಕೂಡಿದ ಇತಿಹಾಸ ಅಷ್ಟೇನೂ ಹಳೆಯದಲ್ಲ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಅವರು ಚಕ್ರವುಳ್ಳ ಸೂಟ್‌ಕೇಸ್‌ಗೆ ಪೇಟೆಂಟ್ ಪಡೆದದ್ದು 1972ರಲ್ಲಿ. ಅದನ್ನು ಪಟ್ಟಿಯಿಂದ ಎಳೆಯಬೇಕಿತ್ತು. ನೆಟ್ಟಗೆ ನಿಲ್ಲಿಸಿ, ಉದ್ದ ಹಿಡಿಕೆಯಿಂದ ಎಳೆಯುವ ಇಂದಿನ ಮಾದರಿಯನ್ನು ರೂಪಿಸಿದವರು ವಿಮಾನ ಚಾಲಕ ರಾಬರ್ಟ್ ಪ್ಲಾತ್. ಅದು 1987ರ ಮಾತು. ಈ ಎರಡು ಆವಿಷ್ಕಾರಗಳಿಂದ ಭುಜದ ಭಾರ ಇಳಿಯಿತು. ಜೊತೆಗೆ, ಹಳೆಯ ಕಬ್ಬಿಣದ ಟ್ರಂಕಿನಲ್ಲಿ ಇಲ್ಲದಿದ್ದ, ಮುರಿಯಬಲ್ಲ ಭಾಗಗಳೂ ಪೆಟ್ಟಿಗೆಗೆ ಸೇರಿಕೊಂಡವು.

ಎರಡು ಚಕ್ರವೋ, ನಾಲ್ಕೋ?

ಎಲ್ಲ ದಿಕ್ಕಿಗೂ ತಿರುಗುವ ನಾಲ್ಕು ಚಕ್ರದ ಪೆಟ್ಟಿಗೆ ವಿಮಾನ ನಿಲ್ದಾಣದ ನಯವಾದ ನೆಲಕ್ಕೆ ಹೇಳಿ ಮಾಡಿಸಿದ್ದು. ಆದರೆ ಆ ಚಕ್ರಗಳು ಹೊರಚಾಚಿಕೊಂಡಿರುವುದರಿಂದ ಎತ್ತಿ ಎಸೆಯುವಾಗ ಮೊದಲ ಪೆಟ್ಟು ಅವುಗಳಿಗೇ ತಗಲುತ್ತದೆ. ಇಳಿಜಾರಿನಲ್ಲಿ, ಚಲಿಸುವ ರೈಲಿನಲ್ಲಿ ಪೆಟ್ಟಿಗೆ ತಾನಾಗಿ ಉರುಳುವುದೂ ಉಂಟು. ಎರಡು ಚಕ್ರದ ಮಾದರಿಯಲ್ಲಿ ಚಕ್ರಗಳು ಅರ್ಧದಷ್ಟು ಪೆಟ್ಟಿಗೆಯೊಳಗೇ ಅಡಗಿರುತ್ತವೆ. ಬಸ್ ನಿಲ್ದಾಣದ ಕಿತ್ತುಹೋದ ನೆಲ, ರೈಲು ನಿಲ್ದಾಣದ ಮೆಟ್ಟಿಲು, ಮನೆಯ ಮುಂದಿನ ಜಲ್ಲಿ ರಸ್ತೆಗಳಲ್ಲಿ ಹೆಚ್ಚು ಓಡಾಡುವವರಿಗೆ ಇದೇ ಸೂಕ್ತ.

ಚಕ್ರವನ್ನು ಹೇಗೆ ಕೂರಿಸಲಾಗಿದೆ ಎಂಬುದನ್ನೂ ನೋಡಿ. ಸ್ಕ್ರೂ ಬಳಸಿದ್ದರೆ ಬಿಚ್ಚಿ ಹೊಸದು ಹಾಕುವುದು ಸುಲಭ. ರಿವೆಟ್ ಹೊಡೆದಿದ್ದರೆ ಅದನ್ನು ಕೊರೆದು ತೆಗೆಯಬೇಕಾಗುತ್ತದೆ.

ಕರಾವಳಿಯ ಓದುಗರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಅನೇಕ ಚಕ್ರಗಳ ಹೊರಪದರ ಪಾಲಿಯುರೆಥೇನ್‌ನದು. ಗಾಳಿಯ ತೇವಾಂಶವನ್ನು ಹೀರುತ್ತಾ ಹೋದಂತೆ ಈ ವಸ್ತುವಿನ ರಾಸಾಯನಿಕ ಬಂಧಗಳು ಸಡಿಲಗೊಂಡು, ಮೊದಲು ಅಂಟಂಟಾಗಿ, ಬಳಿಕ ಪುಡಿಪುಡಿಯಾಗುತ್ತದೆ. ಬಳಸದೆ ಅಟ್ಟದ ಮೇಲೆ ನಾಲ್ಕಾರು ಮಳೆಗಾಲ ಕಳೆದ ಪೆಟ್ಟಿಗೆ ಹೊರಗಿನಿಂದ ಹೊಸದರಂತೆ ಕಂಡರೂ ಹೊರಡುವ ದಿನ ಅಂಗಳ ದಾಟುವಷ್ಟರಲ್ಲಿ ಅದರ ಚಕ್ರ ಉದುರಬಹುದು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡದೆ, ಗಾಳಿಯಾಡುವ ಒಣ ಸ್ಥಳದಲ್ಲಿ ಇರಿಸುವುದು ಒಳಿತು. ಪ್ರಯಾಣಕ್ಕೆ ವಾರದ ಮೊದಲೇ ಭಾರ ತುಂಬಿ ಎಳೆದು ನೋಡುವುದು ಜಾಣತನ.

ಜಿಪ್ ಮತ್ತು ಹಿಡಿಕೆ

ಜಿಪ್‌ಗಳನ್ನು 5, 8, 10 ಎಂಬ ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಮುಚ್ಚಿದ ಹಲ್ಲುಗಳ ಅಗಲ ಸುಮಾರು ಅಷ್ಟೇ ಮಿಲಿಮೀಟರ್ ಇರುತ್ತದೆ. ಭಾರ ಹೊರುವ ಮುಖ್ಯ ಕೋಣೆಗೆ 8 ಅಥವಾ 10ರ ಜಿಪ್ ಇದ್ದರೆ ಉತ್ತಮ. 5ರದ್ದು ಹೊರಗಿನ ಕಿಸೆಗೆ ಸಾಕು. ಮೂಲೆಗಳಲ್ಲಿ ಓಟ ಸಲೀಸಾಗಿದೆಯೇ ಎಂದು ಕೈಯಾರೆ ಎಳೆದು ಪರೀಕ್ಷಿಸಬೇಕು.

ಸುರುಳಿ ಹಲ್ಲಿನ ಜಿಪ್ಪನ್ನು ಬಾಲ್ ಪೆನ್ನಿನ ಮೊನೆಯಿಂದಲೂ ಬಿಡಿಸಲು ಸಾಧ್ಯ. ಬೀಗ ಹಾಗೆಯೇ ಇರುವಾಗ ಜಿಪ್ಪಿನ ಓಟವನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಬೀಗ ಎಷ್ಟೇ ಗಟ್ಟಿಯಿದ್ದರೂ ಚಿನ್ನ, ನಗದು, ಪಾಸ್‌ಪೋರ್ಟ್, ಔಷಧಗಳನ್ನು ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಜಿಪ್ ಇಲ್ಲದೆ ಚೌಕಟ್ಟು ಮತ್ತು ಕೊಂಡಿಗಳಿಂದ ಮುಚ್ಚುವ ಪೆಟ್ಟಿಗೆಗಳು ಈ ವಿಷಯದಲ್ಲಿ ಹೆಚ್ಚು ಸುರಕ್ಷಿತ, ಆದರೆ ತೂಕವೂ ಹೆಚ್ಚು.

ಎಳೆಯುವ ಹಿಡಿಕೆಯನ್ನು ಪೂರ್ತಿ ಹೊರಗೆಳೆದು ಅಲುಗಿಸಿ ನೋಡಿ. ತುಸು ಆಟ ಸಹಜ. ಸರಳುಗಳು ಬಾಗಿದರೆ ಅಥವಾ ಅರ್ಧದಲ್ಲಿ ಸಿಕ್ಕಿಕೊಂಡರೆ ಆ ಪೆಟ್ಟಿಗೆ ಬೇಡ.

ಗಟ್ಟಿ ಚಿಪ್ಪೋ, ಬಟ್ಟೆಯೋ?

ಗಟ್ಟಿ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಮೂರು ವಸ್ತುಗಳ ಬಳಕೆಯಿದೆ. ಪಾಲಿಕಾರ್ಬೊನೇಟ್ ಒತ್ತಿದಾಗ ಬಾಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಎಬಿಎಸ್ ಅಗ್ಗ, ಆದರೆ ಬಲವಾದ ಪೆಟ್ಟಿಗೆ ಬಿರುಕು ಬಿಡುವ ಸಂಭವ ಹೆಚ್ಚು. ಪಾಲಿಪ್ರೊಪಿಲೀನ್ ಹಗುರ ಹಾಗೂ ಬಾಗುವ ಗುಣವುಳ್ಳದ್ದು. ಚೀಟಿಯಲ್ಲಿ ಕೇವಲ ‘ಹಾರ್ಡ್ ಲಗೇಜ್’ ಎಂದಿದ್ದರೆ ವಸ್ತು ಯಾವುದೆಂದು ಕೇಳಿಯೇ ಖರೀದಿಸಬೇಕು.

ಬಟ್ಟೆಯ ಪೆಟ್ಟಿಗೆಗಳಲ್ಲಿ ‘ಡೆನಿಯರ್’ ಎಂಬ ಪದ ಕಾಣುತ್ತದೆ. ಅದು 9,000 ಮೀಟರ್ ನೂಲಿನ ತೂಕ, ಗ್ರಾಂಗಳಲ್ಲಿ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಆದರೆ ಅದೊಂದೇ ಮಾನದಂಡವಲ್ಲ. ಒಂದೇ ದಪ್ಪದ ನೂಲಾದರೆ ಉಜ್ಜಾಟವನ್ನು ಪಾಲಿಯೆಸ್ಟರ್‌ಗಿಂತ ನೈಲಾನ್ ಚೆನ್ನಾಗಿ ತಾಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಸ್ಸಿನ ಡಿಕ್ಕಿಯಲ್ಲಿಡುವ ಬಟ್ಟೆ ಪೆಟ್ಟಿಗೆಗೆ ಹೊದಿಕೆ ಅಗತ್ಯ.

ಖಾಲಿ ಪೆಟ್ಟಿಗೆಯ ತೂಕ

ದೇಶದೊಳಗಿನ ಹೆಚ್ಚಿನ ವಿಮಾನಗಳ ಇಕಾನಮಿ ದರ್ಜೆಯಲ್ಲಿ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್ ಮತ್ತು 7 ಕಿಲೋ ಕೈಚೀಲಕ್ಕೆ ಅವಕಾಶವಿದೆ. ಖಾಲಿ ಪೆಟ್ಟಿಗೆಯೇ ನಾಲ್ಕೂವರೆ ಕಿಲೋ ತೂಗಿದರೆ ಆ 15 ಕಿಲೋದಲ್ಲಿ ಶೇ. 30ರಷ್ಟು ಅದಕ್ಕೇ ಹೋಯಿತು. ರೈಲಿನಲ್ಲಿ ಸ್ಲೀಪರ್ ಹಾಗೂ ಎಸಿ 3-ಟಯರ್ ಪ್ರಯಾಣಿಕರಿಗೆ 40 ಕಿಲೋ ಉಚಿತ. ಅಲ್ಲಿ ತೂಕಕ್ಕಿಂತಲೂ ಪೆಟ್ಟಿಗೆ ಬರ್ತಿನಡಿ ಸೇರುವುದೇ ಎಂಬುದು ಮುಖ್ಯ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂ.ಮೀ. ಮೀರದ ಪೆಟ್ಟಿಗೆ ಅನುಕೂಲಕರ. ಎಷ್ಟೇ ಹಣ ತೆತ್ತರೂ 32 ಕಿಲೋಗಿಂತ ಭಾರದ ಒಂಟಿ ಪೆಟ್ಟಿಗೆಯನ್ನು ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ.

ಮೊಬೈಲ್ ಚಾರ್ಜ್ ಮಾಡುವ ‘ಸ್ಮಾರ್ಟ್’ ಸೂಟ್‌ಕೇಸ್ ಕೊಳ್ಳುವವರು ಅದರ ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ತೆಗೆಯಲು ಬರುವುದೇ ಎಂದು ಖಚಿತಪಡಿಸಿಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಬೇಕೇ ಹೊರತು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಏಳು ದಿನಗಳ ಗಡುವು

ವಾರಂಟಿ ಎಂಬ ಪದಕ್ಕೆ ಮರುಳಾಗುವ ಮುನ್ನ ಕಾರ್ಡಿನ ಸಣ್ಣ ಅಕ್ಷರಗಳನ್ನು ಓದಿ. ತಯಾರಿಕೆಯ ದೋಷಕ್ಕೆ ಹೊಣೆ ಹೊರುವ ಕಂಪನಿಗಳು, ಸಾಗಣೆಯಲ್ಲಾದ ಹಾನಿಯನ್ನು ಸಾಮಾನ್ಯವಾಗಿ ಅದರಿಂದ ಹೊರಗಿಡುತ್ತವೆ. ಆ ಹಾನಿಗೆ ಪರಿಹಾರ ಕೇಳಬೇಕಾದದ್ದು ವಿಮಾನ ಸಂಸ್ಥೆಯಲ್ಲಿ.

ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಪೆಟ್ಟಿಗೆ ಹಾನಿಗೊಂಡರೆ ಅದು ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ನೀಡಬೇಕು. ತಡವಾಗಿ ತಲುಪಿದರೆ ಗಡುವು 21 ದಿನ. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,519 ಎಸ್‌ಡಿಆರ್‌ಗೆ ಏರಿದೆ. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಮಾನ. ಆದರೆ ಪೆಟ್ಟಿಗೆಯದೇ ದೋಷ ಅಥವಾ ಕಳಪೆ ಗುಣಮಟ್ಟದಿಂದ ಹಾನಿಯಾಗಿದ್ದರೆ ಸಂಸ್ಥೆ ಹೊಣೆಯಲ್ಲ ಎಂದೂ ಅದೇ ಒಪ್ಪಂದ ಹೇಳುತ್ತದೆ. ಹಾಗಾಗಿ ಹೊರಡುವಾಗಲೇ ಪೆಟ್ಟಿಗೆಯ ಛಾಯಾಚಿತ್ರ ತೆಗೆದಿಟ್ಟು, ಹಾನಿ ಕಂಡರೆ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ವರದಿ ಬರೆಸಿಕೊಳ್ಳುವುದು ಕ್ಷೇಮ.

ಲೆಕ್ಕ ಹಾಕುವ ಬಗೆ

ಬೆಲೆಯನ್ನು ಪ್ರಯಾಣಗಳ ಸಂಖ್ಯೆಯಿಂದ ಭಾಗಿಸಿ ನೋಡಿ. 3,000 ರೂ.ಗಳ ಪೆಟ್ಟಿಗೆ ಹತ್ತು ಪ್ರಯಾಣಕ್ಕೆ ಕೈಕೊಟ್ಟರೆ ಒಂದಕ್ಕೆ 300 ರೂ. ಬಿತ್ತು. 9,000 ರೂ.ಗಳದ್ದು ನಡುವೆ ಒಮ್ಮೆ ಚಕ್ರ ಬದಲಿಸಿಕೊಂಡು ಅರವತ್ತು ಪ್ರಯಾಣ ಬಾಳಿದರೆ, ದುರಸ್ತಿಯ ವೆಚ್ಚ ಬಿಟ್ಟು, 150 ರೂ. ಮಾತ್ರ. ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ ಈ ಲೆಕ್ಕ ಅನ್ವಯಿಸದು. ಅವರಿಗೆ ಅಗ್ಗದ್ದೇ ಸಾಕಾಗಬಹುದು.

ದುಬಾರಿಯಾದುದೆಲ್ಲ ಬಾಳಿಕೆ ಬರುತ್ತದೆಂದೇನೂ ಇಲ್ಲ. ಆದ್ದರಿಂದ ಹಣ ತೆರುವ ಮುನ್ನ ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ: ಈ ಮಾದರಿಯ ಚಕ್ರ, ಹಿಡಿಕೆ ಬಿಡಿಯಾಗಿ ಸಿಗುತ್ತವೆಯೇ? ದುರಸ್ತಿ ಕೇಂದ್ರ ನಮ್ಮೂರಿನಿಂದ ಎಷ್ಟು ದೂರ? ಈ ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ, ರಿಯಾಯಿತಿ ಎಷ್ಟೇ ಆಕರ್ಷಕವಾಗಿದ್ದರೂ ಪಕ್ಕದ ಅಂಗಡಿಯನ್ನೂ ನೋಡಿ ಬರುವುದು ಲೇಸು.