ಹಸಿ ಹಾಲು ಕೇಳಿ ಬರುವ ಪೇಟೆಯವರಿಗೆ ಏನು ಹೇಳಬೇಕು?



ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದು ಹೊರಟರೆ ಒಂದು ಗಂಟೆಯೊಳಗೆ ಕಮಲಾಪುರ. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವ ಸಂಗತಿ ತಮಗೆಲ್ಲ ತಿಳಿದದ್ದೇ. ಭಾನುವಾರ ಬಾಳೆಹಣ್ಣು ಕೊಳ್ಳಲು ಕಾರು ನಿಲ್ಲಿಸುವ ನಗರದ ಜನ ಈಗ ಅಷ್ಟಕ್ಕೇ ತೃಪ್ತರಾಗುತ್ತಿಲ್ಲ. ಔಷಧಿ ಹೊಡೆಯದ ಕಾಯಿಪಲ್ಯೆ ಸಿಗುತ್ತದೆಯೇ, ಆರ್ಗ್ಯಾನಿಕ್ ಹಾಲು ಇದೆಯೇ, ಕಾಸದೆ ಹಾಗೆಯೇ ಕುಡಿಯುವಂಥ ಹಸಿ ಹಾಲು ಕೊಡುತ್ತೀರಾ ಎಂದು ಕೇಳುತ್ತ ಕೊಟ್ಟಿಗೆಯವರೆಗೂ ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ಸದಸ್ಯರು ನನ್ನನ್ನು ತಡೆದು, "ಡಾಕ್ಟರೇ, ಸಂಘಕ್ಕಿಂತ ಹೆಚ್ಚು ರೇಟು ಕೊಡ್ತೀವಿ ಅಂತಾರ, ಕೊಡ್ಲೇನು?" ಎಂದು ಕೇಳಿದರು. ನಿಂತಲ್ಲೇ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ.

ಮೊದಲಿಗೆ, ಹೀಗೆ ಕೇಳಿ ಬರುವವರನ್ನು ನೋಡಿ ನಗಬಾರದು. ಕಣ್ಣಿ ಮಾರ್ಕೆಟಿನಲ್ಲಿ ಬದನೆಕಾಯಿ ಕೊಳ್ಳುವವನಿಗೆ ಅದು ಯಾರ ಹೊಲದ್ದು, ಎಷ್ಟು ಸಲ ಔಷಧಿ ಕಂಡಿದೆ ಎಂಬುದು ತಿಳಿಯುವುದಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದಾಗ ನಾವು ಎಷ್ಟು ಸಿಂಪಡಿಸುತ್ತೇವೆ ಎಂಬುದು ನಮಗೇ ಗೊತ್ತು. ಅವರ ಅಂಜಿಕೆ ಸುಳ್ಳಲ್ಲ. ಆದರೆ ಅವರು ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ಎಂದು ತಿಳಿದಿದ್ದಾರೆ. ಸಾವಯವ ಎಂದರೆ ಬೆಳೆದ ರೀತಿ; ಮೇವು, ಗೊಬ್ಬರ, ಔಷಧಿಗೆ ಸಂಬಂಧಿಸಿದ್ದು. ಹಸಿ ಎಂದರೆ ಕಾಸಿಲ್ಲ ಎಂದಷ್ಟೇ ಅರ್ಥ. ಅಪ್ಪಟ ಸಾವಯವ ಮೇವು ತಿಂದ ಆಕಳ ಹಾಲಿನಲ್ಲಿಯೂ ರೋಗಾಣು ಇರಬಹುದು. ಬಾಳೆಹಣ್ಣಿಗೆ ಸಿಪ್ಪೆಯಿದೆ, ಸುಲಿದು ಹಸಿಯಾಗಿ ತಿನ್ನಬಹುದು. ಹಾಲಿಗೆ ಸಿಪ್ಪೆಯಿಲ್ಲ.

ಆರೋಗ್ಯವಂತ ಕೆಚ್ಚಲಿನಿಂದ ಬರುವ ಹಾಲಿನಲ್ಲಿ ಸೂಕ್ಷ್ಮಾಣುಗಳು ತೀರ ಕಡಿಮೆ. ಮೊಲೆ, ಕೈ, ಬಾಲ, ಬಕೆಟ್ಟು, ಕೊಟ್ಟಿಗೆಯ ಧೂಳು ಇವುಗಳಿಂದ ಅವು ಸೇರಿಕೊಳ್ಳುತ್ತವೆ. ಹಾಲಿಗೆ ತನ್ನದೇ ಆದ ರಕ್ಷಣಾ ಶಕ್ತಿಯೊಂದಿದ್ದು, ಅದು ಕೆಲ ತಾಸು ಮಾತ್ರ ಕೆಲಸ ಮಾಡುತ್ತದೆ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟಿದ ದಿನ, ತಂಪು ಮಾಡದ ಹಾಲಿನಲ್ಲಿ ಕೆಲವು ಸೂಕ್ಷ್ಮಾಣುಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತವೆ. ಸಂಘದ ಶೀತಲೀಕರಣ ಘಟಕದಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವುದು ಇದಕ್ಕಾಗಿಯೇ. ಕಾರಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಬಾಟಲಿಯೊಳಗೆ ಕಲಬುರಗಿಗೆ ಹೋಗುವ ಹಾಲಿಗೆ ಆ ಭಾಗ್ಯವಿಲ್ಲ.

ಇದು ಹುಳಿಯಾಗುವ ಮಾತಾಯಿತು. ಇನ್ನೊಂದು ಮಾತು ಹೆಚ್ಚು ಗಂಭೀರ. ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ ಇರುವ ಆಕಳು ಅಥವಾ ಎಮ್ಮೆ ಸಾಮಾನ್ಯವಾಗಿ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕಂದು ಹಾಕುತ್ತದೆ, ಮಾಸು ಸರಿಯಾಗಿ ಬೀಳುವುದಿಲ್ಲ. ಆಮೇಲೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಹಾಲೂ ಕೊಡುತ್ತದೆ. ಆ ಹಾಲಿನಲ್ಲಿ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುತ್ತಿರುತ್ತದೆ. ಹಾಲಿನ ಬಣ್ಣ, ವಾಸನೆ, ಫ್ಯಾಟು ಯಾವುದರಿಂದಲೂ ಗೊತ್ತಾಗುವುದಿಲ್ಲ.

ಈ ರೋಗವನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ, ಎಂಟು ತಿಂಗಳಿಗೆ ಕಂದು ಹಾಕಿದ ಎಮ್ಮೆಯ ಮಾಸು ತೆಗೆಯಲು ಕೈಗವಸಿಲ್ಲದೆ ಕೈ ಹಾಕಿದೆ. ಹುರುಪು, ಅವಸರ, ಚೀಲದಲ್ಲಿ ಕೈಗವಸು ಮುಗಿದಿತ್ತು. ಕೆಲವು ವಾರ ಕಳೆದ ಮೇಲೆ ಸಂಜೆ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟ ಹಿಡಿದು ಏಳಲಾಗದ ನೋವು. ಮೊದಲು ಟೈಫಾಯ್ಡ್ ಎಂದು ಔಷಧಿಯಾಯಿತು. ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ನನ್ನ ಉದ್ಯೋಗವೇನೆಂದು ನಾನೇ ಬಾಯಿಬಿಟ್ಟು ಹೇಳಿದ ಮೇಲೆ ರಕ್ತ ಪರೀಕ್ಷೆಯಾಗಿ ರೋಗ ಸಿಕ್ಕಿತು. ಆರು ವಾರ ಎರಡು ಬಗೆಯ ಗುಳಿಗೆ ನುಂಗಿದೆ. ಆ ಎಮ್ಮೆಯ ಮಾಲೀಕರಿಗೆ ಹಾಲು ಕಾಸಿಯೇ ಕುಡಿಯಿರಿ ಎಂದು ಆ ರಾತ್ರಿ ನಾನು ಹೇಳಿರಲಿಲ್ಲ. ಮನೆಯಲ್ಲಿ ನೊರೆಹಾಲು ಕುಡಿಯುವ ಹುಡುಗನಿದ್ದ. ಅವನಿಗೆ ಏನೂ ಆಗಲಿಲ್ಲವೆಂಬುದು ಅದೃಷ್ಟ, ನನ್ನ ಜಾಣತನವಲ್ಲ.

ಮನೆ ಬಾಗಿಲಲ್ಲೇ ಕರೆದು ಕೊಟ್ಟ ತಾಜಾ ಹಾಲು ಎಂಬ ನಂಬಿಕೆ ಹೊಸದೇನಲ್ಲ. ಮಾಲ್ಟಾ ಎಂಬ ದ್ವೀಪದಲ್ಲಿ ಹಿಂದೆ ಆಡುಗಳನ್ನು ಬೀದಿ ಬೀದಿ ಹೊಡೆದುಕೊಂಡು ಹೋಗಿ ಬಾಗಿಲ ಮುಂದೆ ಹಿಂಡಿ ಕೊಡುತ್ತಿದ್ದರು. ಅಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ಬಿಟ್ಟು ಬಿಟ್ಟು ಬರುವ ಜ್ವರ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ರೋಗಾಣುವನ್ನು ಕಂಡುಹಿಡಿದ. ಆದರೆ ಅದು ಬರುವುದು ಎಲ್ಲಿಂದ ಎಂದು ತಿಳಿಯಲು 1905 ಬರಬೇಕಾಯಿತು. ಝಮ್ಮಿಟ್ ಎಂಬ ಅಲ್ಲಿಯದೇ ವೈದ್ಯ ಪರೀಕ್ಷಿಸಿದಾಗ, ನೋಡಲು ಪುಷ್ಟವಾಗಿದ್ದ ಆಡುಗಳಲ್ಲೇ ಸೋಂಕು ಸಿಕ್ಕಿತು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಸಿ ಹಾಲು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ಇಳಿಯಿತು.

ಕಾಸಿದರೆ ಸತ್ವವೆಲ್ಲ ಹೋಗುತ್ತದೆ ಎಂದು ಪೇಟೆಯವರು ವಾದಿಸುತ್ತಾರೆ. ಹೋಗುವುದು ಕೆಲವು ಜೀವಸತ್ವಗಳ ಸ್ವಲ್ಪ ಭಾಗ; ಸುಣ್ಣದ ಅಂಶ, ಸಸಾರಜನಕ ಹಾಗೆಯೇ ಉಳಿಯುತ್ತವೆ. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುತ್ತಾರೆ. ಕಂದು ರೋಗ ಮತ್ತು ಕ್ಷಯದ ರೋಗಾಣುಗಳಿಗೆ ಅಷ್ಟು ಸಾಕು. ಮನೆಯಲ್ಲಿ ಒಮ್ಮೆ ಉಕ್ಕು ಬಂದರೆ ಅದಕ್ಕಿಂತ ಹೆಚ್ಚೇ ಆಯಿತು. ನಮ್ಮ ಅಜ್ಜಿಯರು ಕುಳ್ಳಿನ ಬೆಂಕಿಯ ಮೇಲೆ ಕೆನೆ ಕೆಂಪಗಾಗುವವರೆಗೆ ಕಾಸುತ್ತಿದ್ದರು. ಹಸಿ ಹಾಲೇ ಹಳೆಯ ಪದ್ಧತಿ ಎನ್ನುವವರಿಗೆ ಇದನ್ನು ನೆನಪಿಸಿರಿ.

ಹಾಗಾದರೆ ಕಾಸಿದರೆ ಎಲ್ಲ ಸರಿಯೇ? ಇಲ್ಲ. ಇಲ್ಲಿಂದ ಮುಂದಿನದು ನಮ್ಮ ಪಾಲಿನ ಮಾತು. ಕೆಚ್ಚಲು ಬಾವಿಗೆ ಹಾಕಿದ ಆಂಟಿಬಯಾಟಿಕ್ ಹಾಲಿಗೆ ಇಳಿಯುತ್ತದೆ, ಮನೆಯಲ್ಲಿ ಕಾಸಿದರೆ ಅದನ್ನು ಕಳೆಯಲಾಗದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಎಷ್ಟು ದಿನ ಹಾಲು ಬಳಸಬಾರದೆಂದು ಔಷಧಿಯ ಚೀಟಿಯಲ್ಲಿ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕನಿಷ್ಠ 7 ದಿನ ಎಂಬುದು 2012ರ ನಿಯಮ. ಒಂದೇ ಮೊಲೆಗೆ ಟ್ಯೂಬು ಹಾಕಿದ್ದೇವೆ, ಉಳಿದ ಮೂರರ ಹಾಲು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಾರದು. ಔಷಧಿ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಬರುತ್ತದೆ.

ಹಾಗೆಯೇ ಬೂಸ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ. ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಒಂದೇ ದಿನದಲ್ಲಿ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪಾಶ್ಚರೀಕರಣಕ್ಕೂ ಅದು ಜಗ್ಗುವುದಿಲ್ಲ, ಕಾಸಿದರೂ ಹೋಗುವುದಿಲ್ಲ. ಬೂಸ್ಟಿನ ಹಿಂಡಿ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಮಳೆಗಾಲದಲ್ಲಿ ಹಿಂಡಿಯ ಚೀಲವನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿರಿ. ಕೆಟ್ಟ ಹಿಂಡಿ ಮನುಷ್ಯರಿಗೆ ಬೇಡ, ದನಕ್ಕೆ ನಡೆಯುತ್ತದೆ ಎಂಬ ಲೆಕ್ಕ ತಪ್ಪು. ಅದು ಹಾಲಿನ ಮೂಲಕ ಮನುಷ್ಯರ ಬಳಿಗೇ ಬರುತ್ತದೆ.

ದೇವಣಿ ಆಕಳ ಎ2 ಹಾಲು ಬೇಕೆಂದು ದುಪ್ಪಟ್ಟು ದರ ಹೇಳುವವರೂ ಬರುತ್ತಾರೆ. ನಮ್ಮ ಎಮ್ಮೆಗಳ ಹಾಲು ಕೂಡ ಎ2 ವರ್ಗದ್ದೇ. ಅವರಿಗೆ ಹೇಳಿ ನೋಡಿ, ಮುಖ ನೋಡುವಂತಿರುತ್ತದೆ.

ಈಗ ಆ ಸದಸ್ಯರ ಪ್ರಶ್ನೆ. ಪೂರ್ತಿ ಹಾಲನ್ನು ಸಹಕಾರ ಸಂಘಕ್ಕೆ ಹಾಕುವ ಸದಸ್ಯರಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿಯಿಂದ ವಿನಾಯಿತಿಯಿದೆ. ಹೊರಗೆ ಮಾರಲು ತೊಡಗಿದರೆ ಆ ವಿನಾಯಿತಿ ಉಳಿಯುವುದಿಲ್ಲ, ನೋಂದಣಿ ಮಾಡಿಸಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ 2017ರ ಸಾವಯವ ಆಹಾರ ನಿಯಮಗಳಲ್ಲಿ ಪ್ರಮಾಣಪತ್ರದ ಕಡ್ಡಾಯವಿಲ್ಲ ನಿಜ. ಹಾಗೆಂದು ಅಂಗಡಿಯ ಹಿಂಡಿ ತಿನ್ನಿಸಿ, ಯೂರಿಯಾ ಹಾಕಿದ ಮೇವು ಕೊಟ್ಟು ಸಾವಯವ ಎಂದು ಹೇಳುವುದು ಸುಳ್ಳೇ. ಇಂಥ ಮೇವು, ಇಂಥ ಹಿಂಡಿ, ಇಂಥ ದಿನ ಔಷಧಿ ಎಂದು ಇದ್ದದ್ದನ್ನು ಹೇಳಿರಿ. ಒಂದು ವಹಿಯಲ್ಲಿ ಬರೆದಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು. ಕಾಸದೆ ಕುಡಿಯುತ್ತೇನೆ, ಮಗುವಿಗೂ ಹಾಗೇ ಕುಡಿಸುತ್ತೇನೆ ಎನ್ನುವವರಿಗೆ ಮಾತ್ರ ಎಷ್ಟೇ ದರ ಹೇಳಿದರೂ ಕೊಡಬೇಡಿರಿ.

ಕಂದು ಹಾಕಿದ ರಾಸು ಇದ್ದರೆ ಮುಚ್ಚಿಡದೆ ತಿಳಿಸಿರಿ. ರಕ್ತ ಪರೀಕ್ಷೆ ಮಾಡಿಸೋಣ. ಬಿದ್ದ ಕಂದು, ಮಾಸುಗಳನ್ನು ಬರಿಗೈಯಿಂದ ಮುಟ್ಟದೆ, ನಾಯಿಗಳಿಗೆ ಸಿಗದಂತೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಿರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಕಳು ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಕಂದು ರೋಗದ ಲಸಿಕೆಯನ್ನು ಒಮ್ಮೆ ಹಾಕಲಾಗುತ್ತದೆ. ಎಂಟು ತಿಂಗಳು ದಾಟಿದ ಮೇಲೆ ಹಾಕುವುದಿಲ್ಲ. ಆದ್ದರಿಂದ ಕರು ಹುಟ್ಟಿದ ತಾರೀಖು ಬರೆದಿಟ್ಟು, ನಾಲ್ಕು ತಿಂಗಳು ತುಂಬಿದ ಕೂಡಲೇ ಸಂಘದ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿರಿ.