ಯಂತ್ರದೊಳಗಣ ಅಂಕಿತ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳು ಅಡಿಕೆ ತೋಟಗಳ ಸೀಮೆ. ಗುಡ್ಡದ ತಪ್ಪಲಿನಲ್ಲಿ ಮನೆ, ಮನೆಯ ಕೆಳಗೆ ತೋಟ, ತೋಟದಾಚೆ ಹಳ್ಳ; ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಳತೆಗಿಂತ ಹೆಚ್ಚಿನ ದೂರ. ಇಂಥ ಒಂಟಿ ಮನೆಗಳಿಗೂ ಸ್ಮಾರ್ಟ್‌ಫೋನು ಇಂದು ಬಂದು ಸೇರಿದೆ. ಅಡಿಕೆಯ ಧಾರಣೆಯನ್ನು ತಿಳಿಯುವುದು, ಮಳೆಯ ಮುನ್ಸೂಚನೆಯನ್ನು ನೋಡುವುದು, ದೂರದೂರಿನಲ್ಲಿರುವ ಮಗನೊಡನೆ ಮುಖ ನೋಡಿ ಮಾತನಾಡುವುದು, ಎಲ್ಲವೂ ಅದರಿಂದಲೇ. ಕೊಂಡಾಗ ಪೆಟ್ಟಿಗೆಯಲ್ಲಿ ಬರುವ ಕಿರುಹೊತ್ತಗೆಯಲ್ಲಿ ಅದರ ಗುಣಗಳ ದೊಡ್ಡ ಪಟ್ಟಿಯೇ ಇರುತ್ತದೆ. ಆದರೆ ಆ ಪಟ್ಟಿಯಲ್ಲಿ ಸೇರದ, ಅಂಗಡಿಯವನೂ ಹೇಳದ ಕೆಲವು ವಿನೋದಗಳು ಆ ಪುಟ್ಟ ಯಂತ್ರದ ಒಡಲಲ್ಲಿ ಅಡಗಿ ಕುಳಿತಿವೆ ಎಂಬುದು ಬಹುಮಂದಿಗೆ ತಿಳಿಯದು.

ಸ್ಮಾರ್ಟ್‌ಫೋನಿನ ಎಲ್ಲ ಕೆಲಸಗಳನ್ನೂ ಹಿನ್ನೆಲೆಯಲ್ಲಿ ನಿಂತು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಬೆರಳು ಎಲ್ಲಿ ತಾಗಿತು, ಕರೆ ಯಾರಿಂದ ಬಂತು, ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಉಳಿದಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದೇ. ನಮ್ಮ ದೇಶದ ಹೆಚ್ಚಿನ ಫೋನುಗಳಲ್ಲಿರುವ ಕಾರ್ಯಾಚರಣ ವ್ಯವಸ್ಥೆ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಫೋನಿನ ಸೆಟ್ಟಿಂಗ್ಸ್ ಎಂಬ ಭಾಗವನ್ನು ತೆರೆದು, ಫೋನಿನ ಬಗ್ಗೆ ವಿವರ ನೀಡುವ ಪುಟಕ್ಕೆ ಹೋದರೆ, ಅಲ್ಲಿ ಆಂಡ್ರಾಯ್ಡ್‌ನ ಆವೃತ್ತಿ ಇಂಥದು ಎಂಬ ಸಾಲು ಕಾಣುತ್ತದೆ. ಆ ಸಾಲನ್ನು ಒಮ್ಮೆ ಮುಟ್ಟಿದರೆ ವಿಶೇಷವೇನೂ ಇಲ್ಲ. ಬಿಡದೆ ಬೇಗ ಬೇಗನೆ ಹಲವು ಬಾರಿ ಮುಟ್ಟಿದರೆ ಮಾತ್ರ ಪರದೆಯ ಮೇಲೆ ಒಂದು ವಿಚಿತ್ರ ಚಿತ್ರವು ಮೂಡುತ್ತದೆ. ಅದನ್ನು ಮತ್ತೆ ಮುಟ್ಟಿ, ಒತ್ತಿ ಹಿಡಿದು, ತಿರುಗಿಸಿ ನೋಡಿದವರಿಗೆ ಅದರ ಹಿಂದೆ ಅಡಗಿರುವ ಆಟ ದೊರೆಯುತ್ತದೆ.

ಆಂಡ್ರಾಯ್ಡ್‌ನ ಆವೃತ್ತಿಗಳಿಗೆ ಸಿಹಿತಿಂಡಿಗಳ ಹೆಸರನ್ನಿಡುವುದು ಅದನ್ನು ರಚಿಸಿದವರ ರೂಢಿ. 1986ರಿಂದ ಕ್ಯಾಂಪ್ಕೋದ ಚಾಕೊಲೇಟು ಕಾರ್ಖಾನೆಯನ್ನು ಹೊಂದಿರುವ ಪುತ್ತೂರಿನ ಮಕ್ಕಳಿಗೆ ಈ ರೂಢಿಯು ಬಲು ಸಹಜವಾಗಿ ತೋರೀತು. 2010ರಲ್ಲಿ ಬಂದ ಆವೃತ್ತಿಗೆ ಜಿಂಜರ್‌ಬ್ರೆಡ್ ಎಂದು ಹೆಸರು. ಅದರೊಳಗೆ ಅಡಗಿದ್ದುದು ಕೇವಲ ಒಂದು ಚಿತ್ರ. ಫೋನು ಹಿಡಿದ ಪ್ರೇತಗಳ ನಡುವೆ ಆಂಡ್ರಾಯ್ಡ್‌ನ ಹಸಿರು ಗೊಂಬೆ ನಿಂತಿರುವ ಆ ಚಿತ್ರವನ್ನು ಬರೆದವನು ಜ್ಯಾಕ್ ಲಾರ್ಸನ್ ಎಂಬ ಕಲಾವಿದ. 2014ರ ಆವೃತ್ತಿಯಲ್ಲಿ ಚಿತ್ರವು ಆಟವಾಯಿತು. ಕಡ್ಡಿಮಿಠಾಯಿಗಳ ಕಂಬಗಳ ನಡುವೆ ಆ ಗೊಂಬೆಯನ್ನು ತಾಗದಂತೆ ಹಾರಿಸಬೇಕು. ಮೊದಮೊದಲು ಎರಡು ಕಂಬಗಳನ್ನು ದಾಟಿಸುವುದೂ ಕಷ್ಟ. 2016ರ ಆವೃತ್ತಿಯದು ಇನ್ನೂ ಸೊಗಸು. ಫೋನಿನೊಳಗಿನ ಖಾಲಿ ತಟ್ಟೆಯಲ್ಲಿ ತಿನಿಸನ್ನಿಟ್ಟು ಸುಮ್ಮನಿದ್ದರೆ, ಸ್ವಲ್ಪ ಹೊತ್ತಿನ ಬಳಿಕ ಎಲ್ಲಿಂದಲೋ ಒಂದು ಬೆಕ್ಕು ಬರುತ್ತದೆ. ಯಾವ ಬಣ್ಣದ್ದೆಂದು ಮೊದಲೇ ತಿಳಿಯುವಂತಿಲ್ಲ. ಅದಕ್ಕೆ ಹೆಸರಿಟ್ಟು ಇರಿಸಿಕೊಳ್ಳಬಹುದು. 2023ರ ಆವೃತ್ತಿಯಲ್ಲಿ ಒಂದು ಆಕಾಶನೌಕೆಯಿದೆ. ಅದನ್ನು ನಡೆಸುತ್ತ ಗ್ರಹದಿಂದ ಗ್ರಹಕ್ಕೆ ಸಾಗಬಹುದು. ಇವುಗಳಲ್ಲಿ ಹಲವನ್ನು ರಚಿಸಿದವನು ಗೂಗಲ್‌ನ ಅಭಿಯಂತರ ಡ್ಯಾನ್ ಸ್ಯಾಂಡ್ಲರ್. ಎಲ್ಲ ಫೋನುಗಳಲ್ಲಿಯೂ ಇವು ದೊರೆಯುತ್ತವೆಂದು ಹೇಳಲಾಗದು, ಏಕೆಂದರೆ ಫೋನು ತಯಾರಿಸುವ ಕೆಲವು ಸಂಸ್ಥೆಗಳು ಆಂಡ್ರಾಯ್ಡ್‌ನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತವೆ.

ಇಂಥ ಗುಪ್ತ ವಿನೋದಗಳಿಗೆ ಇಂಗ್ಲಿಷಿನಲ್ಲಿ ಈಸ್ಟರ್ ಎಗ್ ಎಂದು ಹೆಸರು. ಕ್ರೈಸ್ತರ ಈಸ್ಟರ್ ಹಬ್ಬದಲ್ಲಿ ಬಣ್ಣ ಬಳಿದ ಮೊಟ್ಟೆಗಳನ್ನು ಹಿರಿಯರು ಮನೆಯ ಹಿತ್ತಿಲಲ್ಲಿ ಬಚ್ಚಿಡುವುದೂ, ಮಕ್ಕಳು ಅವನ್ನು ಹುಡುಕಿ ತೆಗೆಯುವುದೂ ಕೆಲವು ದೇಶಗಳಲ್ಲಿ ವಾಡಿಕೆ. ಹೆಸರು ಅಲ್ಲಿಂದ ಬಂದದ್ದು. ಆದರೆ ಹಣ ಕೊಟ್ಟು ಕೊಳ್ಳುವವನಿಗೆ ಹೇಳದೆಯೇ ಒಂದು ವಸ್ತುವಿನೊಳಗೆ ಇನ್ನೊಂದನ್ನು ಇರಿಸುವ ಆವಶ್ಯಕತೆಯಾದರೂ ಏನು? ಇದಕ್ಕೆ ಉತ್ತರವನ್ನು ನಾಲ್ಕು ದಶಕಗಳಿಗೂ ಹಿಂದಿನ ಒಂದು ಪ್ರಸಂಗದಲ್ಲಿ ಹುಡುಕಬೇಕು.

ಅಮೆರಿಕದ ಅಟಾರಿ ಎಂಬ ಸಂಸ್ಥೆಯು ದೂರದರ್ಶನದ ಪರದೆಯ ಮೇಲೆ ಆಡುವ ಆಟಗಳನ್ನು ತಯಾರಿಸಿ ಮಾರುತ್ತಿದ್ದಿತು. ಆಗಿನ ಕಾಲದಲ್ಲಿ ಒಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ರಚಿಸುತ್ತಿದ್ದನು. ಕಥೆ ಅವನದೇ, ಚಿತ್ರ ಅವನದೇ, ಧ್ವನಿಯೂ ಅವನದೇ. ಆದರೂ ಪೆಟ್ಟಿಗೆಯ ಮೇಲಾಗಲಿ ಪರದೆಯ ಮೇಲಾಗಲಿ ಅವನ ಹೆಸರನ್ನು ಹಾಕಲು ಸಂಸ್ಥೆಯು ಒಪ್ಪುತ್ತಿರಲಿಲ್ಲ. ಹೆಸರು ತಿಳಿದರೆ ಬೇರೆಯವರು ಹೆಚ್ಚಿನ ಸಂಬಳದಾಸೆ ತೋರಿಸಿ ಅವನನ್ನು ಸೆಳೆದುಕೊಂಡಾರು ಎಂಬ ಶಂಕೆ ಅದಕ್ಕಿತ್ತು. ವಾರೆನ್ ರಾಬಿನೆಟ್ ಎಂಬ ತರುಣನು 1979ರಲ್ಲಿ ಅಡ್ವೆಂಚರ್ ಎಂಬ ಆಟವನ್ನು ರಚಿಸಿದನು. ಅವನ ವಾರ್ಷಿಕ ಸಂಬಳ ಸುಮಾರು 22,000 ಡಾಲರು; ಆ ಆಟವಾದರೋ ಒಂದಕ್ಕೆ ಸುಮಾರು 25 ಡಾಲರಿನಂತೆ ಹತ್ತು ಲಕ್ಷದಷ್ಟು ಮಾರಾಟವಾಯಿತು. ಹಣವಂತೂ ಬರಲಿಲ್ಲ, ಹೆಸರೂ ಬೇಡವೆ?

ರಾಬಿನೆಟ್ಟನು ಯಾರಿಗೂ ಹೇಳದೆ ಒಂದು ಉಪಾಯವನ್ನು ಮಾಡಿದನು. ಆಟದಲ್ಲಿ ಬರುವ ಕರಿಯ ಕೋಟೆಯ ಚಕ್ರವ್ಯೂಹದೊಳಗೆ ಒಂದೇ ಒಂದು ಬೂದು ಬಣ್ಣದ ಚುಕ್ಕೆಯನ್ನಿರಿಸಿದನು. ಹಿನ್ನೆಲೆಯ ಬಣ್ಣವೂ ಬೂದಿಯೇ ಆದುದರಿಂದ ಅದು ಕಣ್ಣಿಗೆ ಬೀಳುವುದು ದುಸ್ತರ. ಆ ಚುಕ್ಕೆಯನ್ನು ಎತ್ತಿಕೊಂಡು ಮತ್ತೊಂದು ನಿರ್ದಿಷ್ಟ ಸ್ಥಳಕ್ಕೆ ಒಯ್ದರೆ ಗೋಡೆಯ ಮೂಲಕ ದಾರಿಯಾಗುತ್ತದೆ. ಅದರಾಚೆಯ ಕೋಣೆಯಲ್ಲಿ, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಅರ್ಥದ ಅಕ್ಷರಗಳು ಮಿನುಗುತ್ತಿರುತ್ತವೆ. ಈ ಗುಟ್ಟನ್ನು ತನ್ನೊಳಗೇ ಇಟ್ಟುಕೊಂಡು ಅವನು ಕೆಲಸವನ್ನು ಬಿಟ್ಟು ಹೋದನು. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಬಾಲಕನೊಬ್ಬನು, ಎಂದರೆ ಒಂಬತ್ತು ಹತ್ತನೆಯ ತರಗತಿಯ ವಯಸ್ಸಿನವನು, ಆ ಕೋಣೆಯನ್ನು ಕಂಡುಹಿಡಿದು ಸಂಸ್ಥೆಗೆ ಕಾಗದ ಬರೆದನು. ಹೆಸರನ್ನು ಅಳಿಸುವುದೆಂದರೆ ಹೊಸ ಅಚ್ಚನ್ನು ಮಾಡಿಸಬೇಕು, ಅದು ದುಬಾರಿ. ಅಲ್ಲಿದ್ದ ಸ್ಟೀವ್ ರೈಟ್ ಎಂಬ ಅಧಿಕಾರಿಯು ಬೇರೆಯ ಬಗೆಯಲ್ಲಿ ಯೋಚಿಸಿದನು. ಇದನ್ನು ಹುಡುಕುವ ಸಂತೋಷ ಆಡುವವರಿಗೆ ಇರಲಿ, ಮುಂದಿನ ಆಟಗಳಲ್ಲಿಯೂ ಇಂಥ ಮೊಟ್ಟೆಗಳನ್ನು ಬಚ್ಚಿಡೋಣ ಎಂಬುದು ಅವನ ಸಲಹೆ. ಈಸ್ಟರ್ ಎಗ್ ಎಂಬ ಹೆಸರು ಈ ಅರ್ಥದಲ್ಲಿ ನೆಲೆಗೊಂಡುದು ಹೀಗೆ. ಇದಕ್ಕಿಂತ ಒಂದೆರಡು ವರ್ಷ ಹಿಂದಿನ ಆಟಗಳಲ್ಲಿಯೂ ರಚನಕಾರರ ಹೆಸರು ಅಡಗಿದ್ದುದು ಬಹುಕಾಲದ ಬಳಿಕ ಬೆಳಕಿಗೆ ಬಂದಿತು. ಬೇರೆ ಬೇರೆ ಕಡೆಯ ಕೆಲಸಗಾರರಿಗೆ, ಒಬ್ಬರನ್ನೊಬ್ಬರು ಅರಿಯದೆಯೇ, ಒಂದೇ ಹಂಬಲ ಹುಟ್ಟಿದ್ದಿತು.

ಕನ್ನಡಿಗರಿಗೆ ಈ ಹಂಬಲ ಅಪರಿಚಿತವಲ್ಲ. ಬಸವಣ್ಣನವರ ವಚನದ ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವಿರುತ್ತದೆ. ಪುರಂದರದಾಸರ ಕೀರ್ತನೆಯಲ್ಲಿ ಪುರಂದರವಿಠಲ ಎಂಬುದಿರುತ್ತದೆ. ಅದು ದೇವರ ಹೆಸರೂ ಹೌದು, ಕೃತಿಯನ್ನು ರಚಿಸಿದವರ ಗುರುತೂ ಹೌದು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೊರೆದಿದ್ದಾರೆ. ನುಗ್ಗೇಹಳ್ಳಿಯ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಹೆಸರುಗಳಿವೆ. ಹೊಯ್ಸಳರ ಕಾಲದ ಶಿಲ್ಪಿಯು ತನ್ನ ಹೆಸರನ್ನು ಹಗಲು ಬೆಳಕಿನಲ್ಲಿ ಕೊರೆಯಬಹುದಾಗಿತ್ತು. ಎಂಟುನೂರ ಅರವತ್ತು ವರ್ಷಗಳ ಬಳಿಕ ಅಟಾರಿಯ ಕೆಲಸಗಾರನು ಅದನ್ನು ಕತ್ತಲೆಯ ಕೋಣೆಯಲ್ಲಿ ಬಚ್ಚಿಡಬೇಕಾಯಿತು. ಯಾವ ಕಾಲವು ಮುಂದುವರಿದದ್ದೆಂಬುದು ವಿಚಾರಾರ್ಹ.

ಆ ಬಳಿಕ ಕೆಲವು ಸಂಸ್ಥೆಗಳು ಉದಾರವಾಗಿ ನಡೆದುಕೊಂಡುದೂ ಉಂಟು. 1984ರಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕಿಂಟೋಷ್ ಗಣಕಯಂತ್ರದ ಕವಚದ ಒಳಮೈಯಲ್ಲಿ ಅದನ್ನು ರೂಪಿಸಿದವರ ಸಹಿಗಳನ್ನು ಅಚ್ಚೊತ್ತಲಾಗಿದ್ದಿತು. ಕವಚವನ್ನು ಬಿಚ್ಚಿದವನಿಗೆ ಮಾತ್ರ ಅವು ಕಾಣುತ್ತಿದ್ದುವು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 97 ಎಂಬ ತಂತ್ರಾಂಶವು ಲೆಕ್ಕಪತ್ರಗಳಿಗಾಗಿ ರಚಿತವಾದುದು. ಅದರಲ್ಲಿ ಒಂದು ನಿರ್ದಿಷ್ಟ ಕ್ರಮದಲ್ಲಿ ಕೀಲಿಗಳನ್ನು ಒತ್ತಿದರೆ, ವಿಚಿತ್ರ ಬೆಟ್ಟಗುಡ್ಡಗಳ ಮೇಲೆ ಹಾರಾಡುವ ಆಟವೊಂದು ತೆರೆದುಕೊಳ್ಳುತ್ತಿತ್ತು. ಹಾರುತ್ತ ಹೋದರೆ ಒಂದು ಕಲ್ಲಿನ ಮೇಲೆ ಅದರ ರಚನಕಾರರ ಹೆಸರುಗಳು ಸಾಲಾಗಿ ಕಾಣುತ್ತಿದ್ದುವು. ಆದರೆ ಬ್ಯಾಂಕು, ಸರಕಾರಿ ಕಚೇರಿ, ಆಸ್ಪತ್ರೆಗಳೆಲ್ಲ ಗಣಕಯಂತ್ರವನ್ನೇ ನಂಬಿ ನಡೆಯತೊಡಗಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಹೇಳದೆ ಒಂದು ಆಟವನ್ನು ಬಚ್ಚಿಟ್ಟವನು ಹೇಳದೆ ಬೇರೆ ಏನನ್ನು ಬಚ್ಚಿಡಲಾರನು? ಕೊಂಡವನ ಈ ಸಂದೇಹ ನ್ಯಾಯವಾದುದೇ. ಬಿಲ್ ಗೇಟ್ಸ್ ಅವರು 2002ರ ಜನವರಿಯಲ್ಲಿ ತಮ್ಮ ಸಂಸ್ಥೆಯ ನೌಕರರಿಗೆಲ್ಲ ಪತ್ರ ಬರೆದು, ಇನ್ನು ಮೇಲೆ ವಿಶ್ವಾಸಾರ್ಹತೆಯೇ ಮೊದಲ ಗುರಿಯೆಂದು ತಿಳಿಸಿದರು. ಅಂದಿನಿಂದ ಮೈಕ್ರೋಸಾಫ್ಟಿನಲ್ಲಿ ಗುಪ್ತ ಆಟಗಳಿಗೆ ಎಡೆಯಿಲ್ಲದಾಯಿತು. ಆಂಡ್ರಾಯ್ಡ್‌ನ ವಿನೋದಗಳು ಇನ್ನೂ ಉಳಿದಿರುವುದಕ್ಕೆ ಒಂದು ಕಾರಣವೆಂದರೆ, ಆ ವ್ಯವಸ್ಥೆಯ ಮೂಲ ಲಿಪಿಯ ಬಹುಭಾಗವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಬಚ್ಚಿಟ್ಟುದು ಕಣ್ಣಿಗೆ ಮರೆಯೇ ಹೊರತು ಪರೀಕ್ಷೆಗೆ ಮರೆಯಲ್ಲ.

ಫೋನಿನಲ್ಲಿ ಅಡಗಿರುವುದೆಲ್ಲವೂ ಆಟವೆಂದು ತಿಳಿಯುವುದೂ ಸರಿಯಲ್ಲ. ಆವೃತ್ತಿಯ ಸಾಲಿನ ಸಮೀಪದಲ್ಲಿಯೇ ನಿರ್ಮಾಣ ಸಂಖ್ಯೆಯ ಸಾಲೊಂದಿರುತ್ತದೆ. ಅದನ್ನು ಏಳು ಬಾರಿ ಮುಟ್ಟಿದರೆ ತೆರೆಯುವುದು ತಂತ್ರಜ್ಞರ ಕೋಣೆ. ಅಲ್ಲಿ ಅರಿಯದೆ ಕೈಯಾಡಿಸಿದರೆ ಫೋನಿನ ನಡವಳಿಕೆಯೇ ಬದಲಾದೀತು. ನಕ್ಷತ್ರ, ಅಂಕೆ, ಜಾಲರಿ ಚಿಹ್ನೆಗಳನ್ನು ಸೇರಿಸಿ ಒತ್ತುವ ಗುಪ್ತ ಸಂಕೇತಗಳು ಬೇರೆ ಇವೆ. *#06# ಎಂಬುದು ಇವುಗಳಲ್ಲಿ ನಿರಪಾಯವಾದುದು, ಬಹಳ ಉಪಯುಕ್ತವಾದುದು. ಅದನ್ನು ಒತ್ತಿದರೆ ಪ್ರತಿಯೊಂದು ಫೋನಿಗೂ ಪ್ರತ್ಯೇಕವಾಗಿರುವ ಹದಿನೈದು ಅಂಕೆಗಳ ಗುರುತುಸಂಖ್ಯೆ ಕಾಣುತ್ತದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ, ಫೋನು ಕಳವಾದಾಗ ಕೇಂದ್ರ ಸರಕಾರವು 2023ರಲ್ಲಿ ಆರಂಭಿಸಿದ ಸಂಚಾರ ಸಾಥಿ ವ್ಯವಸ್ಥೆಯ ಮೂಲಕ ಆ ಫೋನು ಬಳಕೆಗೆ ಬಾರದಂತೆ ತಡೆಯಬಹುದು. ಆದರೆ ಎಲ್ಲ ಸಂಕೇತಗಳೂ ಹೀಗಲ್ಲ. 2012ರಲ್ಲಿ ರವಿಶಂಕರ್ ಬೋರ್ಗಾಂವ್ಕರ್ ಎಂಬ ಸಂಶೋಧಕರು, ಕೆಲವು ಮಾದರಿಯ ಫೋನುಗಳಲ್ಲಿ ಇಂಥದೇ ಒಂದು ಸಂಕೇತವು ಸಂಗ್ರಹವಾದುದೆಲ್ಲವನ್ನೂ ಅಳಿಸಿಬಿಡುವುದನ್ನು ತೋರಿಸಿಕೊಟ್ಟರು. ಗೆಳೆಯರು ಕಳುಹಿಸಿದ ಗುಪ್ತ ಸಂಕೇತವನ್ನು ತಂದೆಯ ಫೋನಿನಲ್ಲಿ ಒತ್ತಿ ನೋಡುವ ಹುಡುಗರು ಇದನ್ನು ತಿಳಿದಿರಬೇಕು.

ಹುಡುಕದಿದ್ದರೂ ತಾನಾಗಿಯೇ ಎದುರಾಗುವ ಆಟವೂ ಒಂದಿದೆ. ಗೂಗಲ್‌ನ ಕ್ರೋಮ್ ಎಂಬ ತಂತ್ರಾಂಶದಲ್ಲಿ ಅಂತರಜಾಲದ ಸಂಪರ್ಕ ಕಡಿದಾಗ ಪರದೆಯ ಮೇಲೆ ಒಂದು ಪುಟ್ಟ ಡೈನೋಸಾರು ಕಾಣುತ್ತದೆ. ಪಶ್ಚಿಮ ಘಟ್ಟದ ಮಡಿಲಿನ ಸುಳ್ಯ, ಕಡಬಗಳಲ್ಲಿ ಗುಡ್ಡಗಳು ಸಂಕೇತದ ಅಲೆಗಳನ್ನು ತಡೆಯುತ್ತವೆ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಗೋಪುರವೂ ಮೂಕವಾಗುತ್ತದೆ. ಕೊರೋನಾ ವ್ಯಾಧಿಯ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನಲ್ಲಿಯೇ ನಡೆದಾಗ ಇಲ್ಲಿನ ಮಕ್ಕಳು ಸಂಪರ್ಕವನ್ನರಸಿ ಗುಡ್ಡದ ತಲೆಗೋ ರಸ್ತೆಯ ಬದಿಗೋ ಹೋಗಬೇಕಾಯಿತು. 2021ರ ಜೂನ್ ತಿಂಗಳಲ್ಲಿ, ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿವ ಮಳೆಯ ನಡುವೆ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತ ಛಾಯಾಚಿತ್ರವು ದೇಶದಲ್ಲೆಲ್ಲ ಪ್ರಕಟವಾಯಿತು. ಇಂಥ ಊರುಗಳಿಗೆ ಆ ಡೈನೋಸಾರು ಹಳೆಯ ಪರಿಚಿತ. ಹಿಂದೆ ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗಿನ ಕೆಲಸ ನಿಂತಾಗ ಮನೆಯೊಳಗೆ ಚೆನ್ನೆಮಣೆಯು ಕೆಳಗಿಳಿಯುತ್ತಿದ್ದಂತೆ, ಸಂಪರ್ಕ ನಿಂತಾಗ ಈ ಪ್ರಾಣಿಯು ಕಾಣಿಸಿಕೊಳ್ಳುತ್ತದೆ.

ಅದನ್ನು ಮುಟ್ಟಿದರೆ ಓಡತೊಡಗುತ್ತದೆ. ಎದುರಾಗುವ ಪಾಪಾಸುಕಳ್ಳಿಗಳನ್ನು ಹಾರಿಸುತ್ತ ಹೋಗಬೇಕು. ಹೋದಂತೆ ವೇಗ ಹೆಚ್ಚುತ್ತದೆ, ಮುಂದೆ ಹಾರುವ ಸರೀಸೃಪಗಳೂ ಅಡ್ಡ ಬರುತ್ತವೆ. ಸೆಬಾಸ್ಟಿಯನ್ ಗೇಬ್ರಿಯಲ್, ಅಲನ್ ಬೆಟ್ಟೆಸ್, ಎಡ್ವರ್ಡ್ ಜಂಗ್ ಎಂಬವರು 2014ರಲ್ಲಿ ಇದನ್ನು ರಚಿಸಿದರು. ಸಂಪರ್ಕವಿಲ್ಲದಿರುವುದೆಂದರೆ ಇತಿಹಾಸಪೂರ್ವ ಯುಗಕ್ಕೆ ಹಿಂದಿರುಗಿದಂತೆ ಎಂಬುದೇ ಅದರೊಳಗಿನ ಪರಿಹಾಸ್ಯ. ಆಟವು ಮುಗಿಯಲು 1 ಕೋಟಿ 70 ಲಕ್ಷ ವರ್ಷ ಬೇಕು, ಆ ಪ್ರಾಣಿಯು ಭೂಮಿಯ ಮೇಲಿದ್ದುದೂ ಹೆಚ್ಚುಕಡಮೆ ಅಷ್ಟೇ ಕಾಲ ಎಂದು ರಚನಕಾರರು ವಿನೋದವಾಗಿ ಹೇಳಿದ್ದಾರೆ. ಪ್ರಾಚೀನ ಜೀವಿಗಳ ಶಾಸ್ತ್ರಜ್ಞರು ಈ ಲೆಕ್ಕವನ್ನು ಒಪ್ಪಲಾರರು. 2018ರಲ್ಲಿ ಅವರು ತಿಳಿಸಿದಂತೆ ತಿಂಗಳಿಗೆ 27 ಕೋಟಿ ಬಾರಿ ಈ ಆಟವನ್ನು ಆಡಲಾಗುತ್ತಿತ್ತು. ಸಂಪರ್ಕವು ದುಬಾರಿಯೋ ದುರ್ಬಲವೋ ಆಗಿದ್ದ ದೇಶಗಳಲ್ಲಿಯೇ ಹೆಚ್ಚು; ಭಾರತವೂ ಅವುಗಳಲ್ಲಿ ಒಂದು. ಶಾಲೆಯ ಮಕ್ಕಳು, ಕಚೇರಿಯ ನೌಕರರು ಕೆಲಸವನ್ನು ಬಿಟ್ಟು ಇದರಲ್ಲಿಯೇ ಮುಳುಗತೊಡಗಿದಾಗ, ಗಣಕಯಂತ್ರದ ಮೇಲ್ವಿಚಾರಕರು ಬೇಕಾದರೆ ಆಟವನ್ನು ನಿಲ್ಲಿಸಬಹುದಾದ ಏರ್ಪಾಡೊಂದನ್ನು ರಚನಕಾರರು ಒದಗಿಸಬೇಕಾಯಿತು. ಹಾಗೆ ನಿಲ್ಲಿಸಿದ ಯಂತ್ರದಲ್ಲಿ ಕೀಲಿಯನ್ನು ಒತ್ತಿದರೆ ಡೈನೋಸಾರು ಓಡುವುದಿಲ್ಲ. ಆಕಾಶದಿಂದ ಅದರೆಡೆಗೆ ಧಾವಿಸಿ ಬರುತ್ತಿರುವ ಒಂದು ಉಲ್ಕೆ ಕಾಣುತ್ತದೆ.