ಮುತ್ತಿಡುವಾಗ ತಲೆ ಯಾವ ಕಡೆ ವಾಲುತ್ತದೆ?

ತುಟಿಗೆ ತುಟಿ ಸೇರಿಸಬೇಕಾದರೆ ತಲೆಯನ್ನು ಒಂದಿಷ್ಟು ವಾಲಿಸಲೇಬೇಕು, ಇಲ್ಲವಾದರೆ ಮೂಗು ಅಡ್ಡ ಬರುತ್ತದೆ. ಇಬ್ಬರೂ ತಮ್ಮ ತಮ್ಮ ಬಲಕ್ಕೆ ವಾಲಿದರೆ ಸರಿ, ಇಬ್ಬರೂ ಎಡಕ್ಕೆ ವಾಲಿದರೂ ಸರಿ. ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ಹೊರಳಿದರೆ ಮಾತ್ರ ಫಜೀತಿ.

ಜರ್ಮನಿಯ ನರವಿಜ್ಞಾನಿ ಓನುರ್ ಗ್ಯುಂಟುರ್ಕುನ್ ಇದನ್ನೇ ಲೆಕ್ಕ ಹಾಕಲು ಹೊರಟರು. ಅಮೆರಿಕ, ಜರ್ಮನಿ ಮತ್ತು ಟರ್ಕಿಯ ವಿಮಾನ ನಿಲ್ದಾಣ, ರೈಲು ನಿಲ್ದಾಣ, ಕಡಲತೀರ, ಉದ್ಯಾನಗಳಲ್ಲಿ ಮುತ್ತಿಡುತ್ತಿದ್ದ ಜೋಡಿಗಳನ್ನು ಗಮನಿಸಿದರು. ಕೈಯಲ್ಲಿ ಚೀಲವೋ ಮತ್ತೊಂದೋ ಇದ್ದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೈಯ ಭಾರವೇ ಮೈಯನ್ನು ಒಂದು ಪಕ್ಕಕ್ಕೆ ಎಳೆದೀತು ಎಂಬ ಎಚ್ಚರಿಕೆ ಅದು. ಕೊನೆಗೆ ಸಿಕ್ಕ 124 ಜೋಡಿಗಳಲ್ಲಿ 80 ಬಲಕ್ಕೆ, 44 ಎಡಕ್ಕೆ ವಾಲಿದ್ದವು. 2003ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಗರ್ಭದ ಕೊನೆಯ ವಾರಗಳಲ್ಲೂ ಹುಟ್ಟಿದ ಮೊದಲ ಕೆಲವು ತಿಂಗಳಲ್ಲೂ ಮಗು ತಲೆಯನ್ನು ಹೆಚ್ಚಾಗಿ ಬಲಕ್ಕೇ ಹೊರಳಿಸುತ್ತದೆ; ಆ ಒಲವೇ ದೊಡ್ಡವರಲ್ಲೂ ಉಳಿದಿರಬೇಕು ಎಂಬುದು ಅವರ ವಾದ.

ಆದರೆ ಸಾರ್ವಜನಿಕ ಸ್ಥಳದಲ್ಲಿ ಮುತ್ತಿಡುವ ರೂಢಿ ಇರುವ ದೇಶಗಳನ್ನಷ್ಟೇ ನೋಡಿ ಮನುಷ್ಯರೆಲ್ಲರ ಬಗ್ಗೆ ತೀರ್ಮಾನಕ್ಕೆ ಬರುವುದು ಹೇಗೆ? ಸಿನಿಮಾ ನೋಡಿ ಕಲಿತದ್ದೂ ಆಗಿರಬಹುದಲ್ಲ. ಈ ಆಕ್ಷೇಪಕ್ಕೆ ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನವೊಂದು ಉತ್ತರ ಹುಡುಕಿತು. ಅಲ್ಲಿ ಮುತ್ತು ನಾಲ್ಕು ಗೋಡೆಗಳ ಒಳಗಿನ ಸಂಗತಿ, ಟಿವಿಯಲ್ಲೂ ಅಂಥ ದೃಶ್ಯಕ್ಕೆ ಕತ್ತರಿ. 48 ದಂಪತಿಗಳಿಗೆ ತಮ್ಮ ಮನೆಯಲ್ಲೇ ಮುತ್ತಿಟ್ಟು, ಆಮೇಲೆ ಬೇರೆ ಬೇರೆ ಕೋಣೆಗೆ ಹೋಗಿ ಪ್ರಶ್ನೆಗಳಿಗೆ ಉತ್ತರ ಬರೆಯುವಂತೆ ಹೇಳಲಾಯಿತು. ಗಂಡ ಹೆಂಡತಿ ಪರಸ್ಪರ ಕೇಳಿಕೊಂಡು ಬರೆಯದಿರಲಿ ಎಂದು ಈ ಏರ್ಪಾಡು. ಇಲ್ಲೂ ಬಲದ ಕಡೆಯದೇ ಮೇಲುಗೈ. ಮೊದಲು ಮುಂದಾದವರು ಬಹುಪಾಲು ಗಂಡಸರು.

2017ರಲ್ಲಿ ಪ್ರಕಟವಾದ ಈ ಅಧ್ಯಯನದ ನಿಜವಾದ ಕೊಡುಗೆ ಬೇರೆಯೇ ಇದೆ. ಮುಂದಾದವರು ಯಾವ ಕಡೆ ವಾಲಿದರೋ ಎದುರಿನವರೂ ಅದಕ್ಕೆ ತಕ್ಕಂತೆ ವಾಲಿದ್ದರು, ಅದು ತಮಗೆ ಒಗ್ಗದ ಕಡೆಯಾಗಿದ್ದರೂ. ಹೀಗೆ ಹೊಂದಿಕೊಳ್ಳದೆ ಹೋದಾಗ ಇರುಸುಮುರುಸು ಆಗುತ್ತದೆಂದು ದಂಪತಿಗಳೇ ಹೇಳಿದರು. ಮುತ್ತಿಡುವ ಕಲೆಯ ಬಗ್ಗೆ ಏನೇನೋ ಸಲಹೆಗಳು ಚಾಲ್ತಿಯಲ್ಲಿವೆ; ಎದುರಿನವರ ಚಲನೆಯನ್ನು ಗಮನಿಸಿ ಹೊಂದಿಕೊಳ್ಳುವ ಈ ಒಂದಕ್ಕಾದರೂ ಅಳೆದು ನೋಡಿದ ಆಧಾರವಿದೆ.

ತುಟಿ ಸೇರಿದ ಮೇಲೆ ಸ್ಪರ್ಶವೇ ದಾರಿ ತೋರಿಸುತ್ತದೆ. ತುಟಿಯ ಕೆಂಪು ಭಾಗದ ಚರ್ಮ ಬಲು ತೆಳು, ನರತುದಿಗಳು ದಟ್ಟ. ಮಿದುಳಿನ ಸ್ಪರ್ಶಕೇಂದ್ರದಲ್ಲಿ ಇಡೀ ಬೆನ್ನಿಗೆ ಸಿಕ್ಕಿರುವುದಕ್ಕಿಂತ ಹೆಚ್ಚಿನ ಜಾಗ ಈ ಪುಟ್ಟ ಅಂಗಕ್ಕೆ ಮೀಸಲು. ಹಾಗಾಗಿ ಒತ್ತಡ ಒಂಚೂರು ಬದಲಾದರೂ ತಕ್ಷಣ ತಿಳಿಯುತ್ತದೆ.

ಬಲದ ಒಲವು ಹುಟ್ಟಿನಿಂದಲೇ ಬಂದದ್ದೆಂಬ ವಾದಕ್ಕೆ ಒಂದು ತೊಡಕು ಉಳಿದಿದೆ. ತಂದೆತಾಯಿ ಮಕ್ಕಳಿಗೆ ಮುತ್ತಿಡುವ ಚಿತ್ರಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿದಾಗ, ಹೆಚ್ಚಿನವರು ಎಡಕ್ಕೆ ವಾಲಿದ್ದು ಕಂಡುಬಂತು.